ಸತ್ತು ಸತ್ತು ಗೆಲ್ಲುವವನೂ ನನ್ನ ಲೈಸೆನ್ಸೂ

ನನಗೆ ಅನುಮಾನ ಜಾಸ್ತಿ. ನಾನೇ ಮೊದಲು ಒಪ್ಪಿಕೊಂಡುಬಿಡುವುದು ವಾಸಿ, ಇಲ್ಲದಿದ್ದರೆ ನಮ್ಮ ಮನೆಯವರು ಹೇಳಲು ಕಾದು ಕೂತಿರುತ್ತಾರೆ. ಹಾಲಿನವನು ನಗುನಗುತ್ತಾ ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುವವಳು ನಾನು. ನಾನು ಕೇಳದೆಯೇ ಗಂಡ ಮಲ್ಲಿಗೆ ತಂದರೆ ತಕ್ಷಣ ಮುಡಿಯುವುದಿಲ್ಲ. ಅಡುಗೆಮನೆಗೆ ಹೋಗಿ ಏನಾದರೂ ಒಡೆದಿದೆಯೇ ಎಂದು ನೋಡಿಕೊಂಡು ಬರುತ್ತೇನೆ.

ಇಂಥ ನನ್ನನ್ನು ಹೋದ ತಿಂಗಳು ಮಗಳು ಒಂದು ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಕಾರಣವಿತ್ತು. ಸ್ಕೂಟರಿನ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ನೆಲದ ಮೇಲೆ ಬರೆದ ಎಂಟರ ಮೇಲೆ ಕಾಲು ಊರದೆ ಸುತ್ತಿ ಬರಬೇಕು, ಅಷ್ಟೇ. ನಾನು ಎರಡು ಸಲವೂ ಕಾಲು ಊರಿದೆ. ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸು ಮುಗಿಯಲು ನಾಲ್ಕೇ ದಿನ ಉಳಿದಿತ್ತು, ಐವತ್ತು ದಾಟಿದ ಮೇಲೆ ಇನ್ನೊಮ್ಮೆ ಅಆಇಈಯಿಂದ ಶುರುಮಾಡುವ ಧೈರ್ಯ ನನ್ನಲ್ಲಿರಲಿಲ್ಲ. ಮೈಸೂರು ಬಿಟ್ಟು ಮದುವೆಯಾಗಿ ಈ ಚೆನ್ನೈಗೆ ಬಂದಾಗಿನಿಂದ, ಅಂಬತ್ತೂರಿನ ನನ್ನ ಆಫೀಸಿಗೆ ನನ್ನನ್ನು ಇಳಿಸಿ, ಆಮೇಲೆ ಎಗ್ಮೋರಿನ ತಮ್ಮ ಆಫೀಸಿಗೆ ಹೋಗುವುದು ಗಂಡನ ದಿನಚರಿ. ಅವರು ಹೊರಟಾಗ ನಾನು ಹೊರಡಬೇಕು, ಅವರು ಬಂದಾಗ ನಾನು ಬರಬೇಕು. ನಾನು ಕಂಡ ಚೆನ್ನೈ ಎಂದರೆ ಮುಕ್ಕಾಲು ಪಾಲು ಅವರ ಹೆಲ್ಮೆಟ್ಟು. ನನಗೆ ಬೇಕಾದಾಗ ನಾನು ಹೊರಡಬೇಕು ಎಂಬ ಆಸೆ ಬಹಳ ತಡವಾಗಿ ಬಂತು, ಬಂದ ಮೇಲೆ ಬಿಡಲಿಲ್ಲ.

ಗಂಡ ಮೂರು ತಲೆಮಾರಿನ ಮದ್ರಾಸಿನವರು. ಅವರ ಹತ್ತಿರ ಎಲ್ಲಕ್ಕೂ ಒಬ್ಬ ‘ತೆರಿಂಜವರು’, ಅಂದರೆ ಕೆಲಸ ಮಾಡಿಸಿಕೊಡುವ ಪರಿಚಯದವರು, ಇರುತ್ತಾರೆ.

“ತೆರಿಂಜವರೊಬ್ರು ಅಲ್ಲೇ ಇದಾರೆ ಕಣೇ. ಒಂದು ಮಾತು ಹೇಳ್ಲಾ?” ಎಂದರು.

“ಹೇಳಿದ್ರೆ ನನ್ನಾಣೆ. ಆ ಲೈಸೆನ್ಸನ್ನ ಹರಿದು ಒಲೆಗೆ ಹಾಕ್ತೀನಿ,” ಎಂದೆ.

ಮಗಳು ತಮಿಳಿನಲ್ಲೇ ಓದಿ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳು ಬೆರೆಸಿ ಉತ್ತರ ಕೊಡುತ್ತಾಳೆ. ಅವಳು, “ವಾಮ್ಮಾ, ಒಂದು ಪಡಂ ತೋರಿಸ್ತೀನಿ. ಹೀರೋ ಎಷ್ಟು ಸಲ ಸಾಯ್ತಾನೆ ನೋಡು, ನೀನು ಎರಡು ಸಲಕ್ಕೇ ಅಳ್ತೀಯಾ?” ಎಂದಳು.

ಸಿನಿಮಾದ ಕತೆ ಇಷ್ಟು. ನಾಯಕ ಬಂದರಿನಲ್ಲಿ ಶತ್ರುಗಳನ್ನು ತಡೆಯಬೇಕು. ಗುಂಡು ಬಿದ್ದು ಸಾಯುತ್ತಾನೆ. ಸತ್ತ ಮರುಕ್ಷಣ ಅದೇ ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿರುತ್ತಾನೆ. ಮತ್ತೆ ಹೋಗುತ್ತಾನೆ, ಮತ್ತೆ ಸಾಯುತ್ತಾನೆ. ಪ್ರತಿ ಸಲವೂ ಒಂದೊಂದು ಹೆಜ್ಜೆ ಮುಂದೆ. ಇಪ್ಪತ್ತನೆಯ ಸಲಕ್ಕೆ ಗುಂಡು ಬರುವ ಮೊದಲೇ ತಲೆ ಬಗ್ಗಿಸುತ್ತಾನೆ, ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ಅವನಿಗೆ ಧೈರ್ಯವೆಲ್ಲಿದೆ? ಉತ್ತರ ಪತ್ರಿಕೆ ಮೊದಲೇ ಸಿಕ್ಕವನು ಫಸ್ಟ್ ಕ್ಲಾಸಿನಲ್ಲಿ ಪಾಸಾದರೆ ಅದೇನು ದೊಡ್ಡ ವಿಷಯ? ನಾಯಕಿಯ ವಿಚಾರದಲ್ಲಂತೂ ನನಗೆ ಮೈಯೆಲ್ಲ ಉರಿಯಿತು. ಅವಳಿಗೇನಿಷ್ಟ, ಯಾವುದಕ್ಕೆ ನಗುತ್ತಾಳೆ, ಎಲ್ಲವನ್ನೂ ಅವನು ಹತ್ತು ಸಲ ಸತ್ತು ತಿಳಿದುಕೊಂಡಿದ್ದಾನೆ. ಆ ಪಾಪದ ಹುಡುಗಿ ಇದನ್ನು ಜನ್ಮಾಂತರದ ಋಣಾನುಬಂಧ ಎಂದುಕೊಂಡಿದ್ದಾಳೆ.

“ನೀನು ಬಾಯಿ ಬಿಡೋ ಮೊದಲೇ ನಿನ್ನ ಮಾತು ಗೊತ್ತಿರೋ ಹುಡುಗ ಸಿಕ್ಕಿದ್ರೆ, ಓಡಿ ಮನೆಗೆ ಬಾ,” ಎಂದು ಮಗಳ ಕಿವಿಯಲ್ಲಿ ಹೇಳಿದೆ.

“ಪಡಂ ನೋಡಮ್ಮಾ!” ಎಂದು ಗದರಿದಳು.

ಗದರಿಸಿಕೊಂಡು ನೋಡುತ್ತಾ ಕೂತೆ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಯಾಕೆಂದು ಯೋಚಿಸಿದೆ. ಮತ್ತೆ ಮತ್ತೆ ಬರುವ ಅವಕಾಶಕ್ಕಂತೂ ಅಲ್ಲ. ನಮ್ಮಲ್ಲಿ ಮರಳಿ ಹುಟ್ಟಿ ಬರುವುದನ್ನು ಶಿಕ್ಷೆ ಎಂದೇ ಎಣಿಸಿದ್ದಾರೆ. ನಮ್ಮ ಅತ್ತೆ ಏಕಾದಶಿ ಏಕಾದಶಿಗೆ ದೇವರ ಮುಂದೆ ನಿಂತು, “ಇದೊಂದೇ ಸಾಕಪ್ಪಾ, ಇನ್ನೊಂದು ಜನ್ಮ ಕೊಡಬೇಡ,” ಎಂದು ಬೇಡುತ್ತಿದ್ದರು. ಅವರು ಬೇಡವೆಂದು ಉಪವಾಸವಿದ್ದದ್ದಕ್ಕೆ ನಾವು ಪಾಪ್‌ಕಾರ್ನ್ ಹಿಡಿದು ಹೋಗುತ್ತೇವೆ. ನನ್ನ ಹೊಟ್ಟೆಯುರಿಗೆ ಕಾರಣ ಬೇರೆಯಿತ್ತು. ಅವನು ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ! ನಾಯಕಿಗೆ ಗೊತ್ತಿಲ್ಲ, ಶತ್ರುವಿಗೆ ಗೊತ್ತಿಲ್ಲ. ಮುಗ್ಗರಿಸಿದ ಬೆಳಗುಗಳೆಲ್ಲ ಅಳಿಸಿಹೋಗಿ, ಗೆದ್ದ ದಿನವೊಂದೇ ಜಗತ್ತಿಗೆ ಕಾಣುತ್ತದೆ. ನನ್ನ ವಿಷಯ ಹಾಗಲ್ಲವಲ್ಲ. ನಾನು ಕಾಲೂರಿದ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಇಸ್ತ್ರಿಯವಳಿಗೆ ಮುಟ್ಟಿರುತ್ತದೆ. ಮೇಲಿನ ಮನೆಯಾಕೆ ಇವತ್ತಿಗೂ ಮೆಟ್ಟಿಲಲ್ಲಿ ಸಿಕ್ಕರೆ ಮೊದಲು ನನ್ನ ಎಡಗಾಲನ್ನೇ ನೋಡುತ್ತಾಳೆ.

ಬುಧವಾರ ಪರೀಕ್ಷೆಗೆ ಹೋದೆ. ಗಂಡ ಗೇಟಿನ ಹೊರಗೆ ನಿಂತರು. ಬ್ರೇಕ್ ಇನ್‌ಸ್ಪೆಕ್ಟರು ನನ್ನನ್ನು ಕಂಡವರೇ, “ನೀಂಗಳಾಮ್ಮಾ! ವಾಂಗ,” ಎಂದು, ನೀವೇನಾ ಬನ್ನಿ ಎಂದು ಕರೆದರು. ಅವರಿಗೂ ನೆನಪಿತ್ತು ನೋಡಿ. ಕೃಷ್ಣಾ ಎಂದು ಹೊರಟೆ. ಮೊದಲ ತಿರುವು ಆಯಿತು, ಎರಡನೆಯದಾಯಿತು, ಕಾಲು ಎತ್ತಿದಲ್ಲೇ ಇತ್ತು, ಎಂಟು ಮುಗಿದೇ ಹೋಯಿತು. “ಪಾಸ್ ಮ್ಮಾ,” ಎಂದು ಅವರು ಪೆನ್ನು ತೆಗೆದರು.

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಮನೆಗೆ ಹೋಗುತ್ತಿದ್ದರು. ನನಗೆ ಮಾತ್ರ ಅನುಮಾನ ಶುರುವಾಯಿತು. ಇಷ್ಟು ಸುಲಭವಾಗಿ? ಆ ‘ವಾಂಗ’ದಲ್ಲಿ ಅಷ್ಟು ಪ್ರೀತಿ ಯಾಕಿತ್ತು? ಗಂಡ ತಮ್ಮ ತೆರಿಂಜವರಿಗೆ ಹೇಳಿಯೇಬಿಟ್ಟರೇ?

“ಸಾರ್, ಯಾರಾವದು ನನ್ನ ಬಗ್ಗೆ ಸೊನ್ನಾಂಗಳಾ?” ಎಂದು ಕೇಳಿದೆ. ಗಾಬರಿಯಲ್ಲಿ ಎರಡು ಭಾಷೆಯೂ ಕಲಸಿಹೋದವು.

ಅವರು ತಲೆಯೆತ್ತಿ, ಯಾರು ಹೇಳಬೇಕಮ್ಮ, ಚೆನ್ನಾಗಿಯೇ ಓಡಿಸಿದಿರಲ್ಲ ಎಂದು ತಮಿಳಿನಲ್ಲಿ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಎಂಟು ಹಾಕುತ್ತೇನೆ, ಸರಿಯಾಗಿ ನೋಡಿ ಎಂದೆ. ಹಿಂದೆ ಬಿಸಿಲಲ್ಲಿ ನಿಂತಿದ್ದ ಸಾಲು “ಅಯ್ಯಯ್ಯೋ” ಎಂದಿತು. ಅವರು ಬೇಡವೆನ್ನುವಷ್ಟರಲ್ಲಿ ಹೊರಟೇಬಿಟ್ಟಿದ್ದೆ. ಎರಡನೆಯ ತಿರುವಿನಲ್ಲಿ ನನ್ನ ಎಡಗಾಲು, ಅದಕ್ಕೆ ಮಾನ ಮರ್ಯಾದೆ ಎಂಬುದೇ ಇಲ್ಲ, ನೆಲಕ್ಕೆ ಮುತ್ತಿಟ್ಟಿತು.

ಕಣ್ಣಲ್ಲಿ ನೀರು ಬಂತು. ಕೈಗೆ ಬಂದದ್ದನ್ನು ನಾನೇ ಒದ್ದು ಕೆಡವಿದ್ದೆ. ಇನ್‌ಸ್ಪೆಕ್ಟರು ಮಾತ್ರ ಬಗ್ಗಿಸಿದ ತಲೆ ಎತ್ತದೆ ಕಾಗದಕ್ಕೆ ಸಹಿ ಹಾಕುತ್ತಿದ್ದರು.

“ಮೊದಲ್ದೇ ಪಾಸು. ಇದನ್ನ ನಾನ್ ಪಾಕ್ಕವೇ ಇಲ್ಲೆಮ್ಮಾ,” ಎಂದರು. ನಾನು ಕನ್ನಡದವಳೆಂದು ತಿಳಿದು ಅಷ್ಟು ಕನ್ನಡ ಎಲ್ಲಿಂದಲೋ ಹೊಂದಿಸಿಕೊಂಡು, ಎರಡನೆಯದನ್ನು ತಾವು ನೋಡಲೇ ಇಲ್ಲ ಎಂದಿದ್ದರು. ಯಾರ ದಾಕ್ಷಿಣ್ಯವೂ ಬೇಡವೆಂದು ಹಠ ಹಿಡಿದವಳು, ಬೇಡದಿದ್ದ ದಾಕ್ಷಿಣ್ಯವನ್ನು ಮೈಮೇಲೆ ಬಿದ್ದು ಗಿಟ್ಟಿಸಿಕೊಂಡಿದ್ದೆ.

ಗೇಟಿನ ಹತ್ತಿರ ಬಂದೆ. ಅಲ್ಲಿ ನಿಂತವರಿಗೆ ನಡೆದದ್ದೆಲ್ಲ ಕಾಣುತ್ತಿತ್ತು.

“ಪಾಸಾಯ್ತು,” ಎಂದು ಗಂಡನಿಗೆ ಹೇಳಿ, “ಆದ್ರೆ ರೀ, ಎರಡನೇ ಸಲ...” ಎಂದೆ.

“ಯಾವ ಎರಡನೇ ಸಲ?” ಎಂದರು.

ಅವರ ಮುಖವನ್ನೇ ದಿಟ್ಟಿಸಿದೆ. ಇಷ್ಟು ಬೇಗ ಇಷ್ಟು ಸರಿಯಾದ ಮಾತು ಅವರ ಬಾಯಿಂದ ಮದುವೆಯಾದಾಗಿನಿಂದ ಬಂದಿರಲಿಲ್ಲ. ಅನುಮಾನ ಪಡಲು ಸಕಲ ಕಾರಣಗಳೂ ಇದ್ದವು. ಆ ಅನುಮಾನವನ್ನು ನಾಳೆ ಪಟ್ಟರೂ ಆಯಿತೆಂದು ಬಿಟ್ಟುಬಿಟ್ಟೆ.