ಒಂಬತ್ತು ಜನ ಕೇಳಿದ ಹಾರ್ನ್

ಎಪ್ಪತ್ತರ ದಶಕದ ಕೊನೆ. ಸಿರುಗುಪ್ಪದಿಂದ ಕುರುಗೋಡಿಗೆ ಬರುವ ದಾರಿಯ ತಿರುವಿನಲ್ಲಿ ನನ್ನ ಸೋದರಮಾವ ಓಡಿಸುತ್ತಿದ್ದ ಬಸ್ಸು ಎತ್ತಿನ ಗಾಡಿಗೆ ಗುದ್ದಿತು. ಗಾಲಿ ಮುರಿಯಿತು, ಜನ ಉಳಿದರು. ತಿರುವಿಗೆ ಮೊದಲು ಮಾವ ಹಾರ್ನ್ ಹೊಡೆದಿದ್ದನೇ? ಇಲ್ಲವೆಂದಾದರೆ ಕೆಲಸದಿಂದ ತೆಗೆಯುತ್ತೇನೆಂದು ಬಳ್ಳಾರಿ ಬ್ರೂಸ್‌ಪೇಟೆಯ ಬಸ್ ಮಾಲೀಕ ಹೇಳಿದ್ದ.

ನಾನು ಬಳ್ಳಾರಿಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಸಾಕ್ಷಿ ಸುಳ್ಳು ಹೇಳಬಹುದು, ಸರಾಸರಿ ಹೇಳುವುದಿಲ್ಲ ಎಂದು ಮಾವನಿಗೆ ಭರವಸೆ ಕೊಟ್ಟು ಹನ್ನೆರಡು ಜನರನ್ನು ಬೇರೆಬೇರೆಯಾಗಿ ಕೇಳಿದೆ. ಗಾಡಿಯವನೂ ಇಬ್ಬರು ಪ್ರಯಾಣಿಕರೂ ಹೊಡೆಯಲಿಲ್ಲ ಎಂದರು. ಪಕ್ಕದ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದ ಒಂಬತ್ತು ಹೆಂಗಸರು ಹೊಡೆದ ಎಂದರು. ಯಾರು ಎಷ್ಟು ದೂರದಲ್ಲಿದ್ದರೆಂದು ನೋಡಿ ಅವರ ಮಾತಿಗೆ ತೂಕ ಕೊಟ್ಟೆ, ಸ್ವಾರ್ಥ ನೋಡಿ ತೂಕ ಕಳೆದೆ. ಮಾವ ಗೆದ್ದಿದ್ದ.

ಆದರೆ ಒಂಬತ್ತೂ ಬಾಯಲ್ಲಿ ಅದೇ ಮಾತು: “ಎರಡು ಸಲ, ಉದ್ದಕ.” ಅನುಮಾನ ಬಂದು ಗುಂಪಿನ ಮುಂದಾಳು ಮುದುಕಿಯ ಬಳಿ ಮತ್ತೆ ಹೋದೆ.

“ನಾ ಹೇಳಿದ ಮ್ಯಾಲ ಇವ್ರು ಬ್ಯಾರೆ ಹೇಳ್ತಾರೇನೋ ಹುಚ್ಚಪ್ಪ? ಗುಂಪಿಗೆ ಒಂದ ಬಾಯಿ. ಕೂಲಿ ಮಾತಾಡಾಕೂ ನಾನ, ಸಾಕ್ಷಿ ಹೇಳಾಕೂ ನಾನ.”

“ಅವತ್ತು ನೀ ಕೇಳಿದ್ಯಾ ಅವ್ವಾ?”

“ಬಗ್ಗಿ ಸಸಿ ಹಚ್ಚೋರಿಗೆ ಯಾವ ಹಾರ್ನು ಯಾವತ್ತಿಂದಂತ ಹೆಂಗ ಗೊತ್ತಾಗಬೇಕು? ದಿನಾ ಹೊಡೀತಾನಲ್ಲ, ಅವತ್ಯಾಕ ಬಿಡ್ತಾನ?”

ಒಂಬತ್ತು ಸಾಕ್ಷಿ ಒಂದಾಯಿತು. ಆ ಒಂದೂ ಅಂದಿನದಲ್ಲ. ಹಾಗೆಂದು ಅಳಿಸಲೇ? ದಿನವೂ ಕೇಳಿದವಳಿಗೆ ಏನೂ ತೂಕವಿಲ್ಲವೇ? ಆದರೆ ದಿನವೂ ಗುದ್ದದ ಬಸ್ಸು ಅಂದು ಗುದ್ದಿತ್ತು. ಹೊಡೆಯದ ದಿನವೇ ಅದಾಗಿದ್ದರೆ? ಎರಡೂ ಪಕ್ಷ ನಾನೇ ವಾದಿಸಿದೆ, ಎರಡರಲ್ಲೂ ಸೋತೆ.

ಮಾವನನ್ನೇ ಕೇಳಿದೆ.

“ಹೊಡದಿರಬೇಕಲೇ, ಕೈ ತಾನ ಹೋಗ್ತೈತಿ. ನಿನ್ನ ಲೆಕ್ಕದಾಗ ಏನ್ ಬಂತು?”

ಮಾಲೀಕನೆದುರು ಒಂಬತ್ತಕ್ಕೆ ಗೀಟೆಳೆದು ಒಂದು ಎಂದು ತಿದ್ದಿ ಬರೆದ ಹಾಳೆ ಇಟ್ಟೆ.

“ಮೂರಕ್ಕ ಒಂದಾತಲ್ಲೋ! ನೀ ಮಾವನ ಕಡಿ ಬಂದೀಯೋ, ಗಾಡಿಯವನ ಕಡಿ ಬಂದೀಯೋ?”

ಮಾವ ನೆಲ ನೋಡುತ್ತಿದ್ದ. ನಾನು ಮುದುಕಿಯ ಮಾತನ್ನು ಇದ್ದಹಾಗೆ ಹೇಳಿದೆ. ಮಾಲೀಕ, “ಖರೇನ ಐತಿ, ಅವತ್ಯಾಕ ಬಿಡ್ತಾನ?” ಎಂದು ಬಸ್ಸಿನ ಕೀಲಿ ಮಾವನತ್ತ ತಳ್ಳಿದ. ಹಾಳೆ ಅಲ್ಲೇ ಉಳಿಯಿತು.

ಮರುದಿನ ಮಾವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ. ತಿರುವು ಬಂತು. ಎರಡು ಸಲ, ಉದ್ದಕ್ಕೆ. ಗದ್ದೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

“ಕೇಳಿದ್ಯೇನಲೇ?” ಎಂದ ಮಾವ.

ಕೇಳಿದ್ದೆ. ದಿನದಂತೆ ಹೊಡೆದನೋ, ನಾನು ಕೂತಿದ್ದೇನೆಂದು ಹೊಡೆದನೋ, ಅದು ಮಾತ್ರ ತಿಳಿಯಲಿಲ್ಲ.