ಬಿಳಿ ಕೂದಲಿನ ತಮ್ಮ

ನಮ್ಮ ಕಡೆ ಪೇಪರ್ ಕೈಗೆ ಬಂದರೆ ಜನ ಮೊದಲು ತೆರೆಯುವುದು ನಿಧನ ವಾರ್ತೆಯ ಪುಟ. ಮಂತ್ರಿಯ ಹೆಸರು ತಪ್ಪಿದರೆ ಯಾರೂ ಕೇಳುವುದಿಲ್ಲ. ತೀರಿಕೊಂಡವರ ಮನೆಯ ಹೆಸರು ತಪ್ಪಿದರೆ ಬೆಳಗಿನ ಚಹಾಕ್ಕೆ ಮೊದಲೇ ಫೋನ್ ಬರುತ್ತದೆ. ಅಂಥ ಪುಟದಲ್ಲಿ ನಾನೊಮ್ಮೆ ಬದುಕಿರುವವರ ಫೋಟೋ ಹಾಕಿಸಿದೆ.

ಬೆಳ್ತಂಗಡಿ ಕಚೇರಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಕೆಲಸ ಕಾಯಂ ಆಗಿರಲಿಲ್ಲ. ಕಾಯಂ ಪತ್ರಕ್ಕೆ ಸಹಿ ಹಾಕಬೇಕಾದವರು ಬಂಟ್ವಾಳದಲ್ಲಿ ನನ್ನ ಮುಖ್ಯಸ್ಥರಾಗಿದ್ದು, ಆಮೇಲೆ ಬಡ್ತಿ ಪಡೆದು ಮುಖ್ಯ ಕಚೇರಿಗೆ ಹೋದವರು. ನಾವೆಲ್ಲರೂ ಅವರನ್ನು ಬಾಸ್ ಎಂದೇ ಕರೆಯುತ್ತಿದ್ದೆವು. ಅವರ ಕಾಲದಲ್ಲಿ ಒಂದು ಪುಟವೂ ತಡವಾಗಿ ಹೋದದ್ದಿಲ್ಲ. ಆದರೆ ಅವರ ಕೈಕೆಳಗೆ ನಾನು ಕಲಿತ ಮೊದಲ ವಿದ್ಯೆ ಸುದ್ದಿ ಬರೆಯುವುದಲ್ಲ, ಸ್ಕ್ರೀನ್‌ಶಾಟ್ ತೆಗೆದಿಡುವುದು. ನಾಳೆ ಏನಾದರೂ ಆದರೆ ತಪ್ಪು ನನ್ನದಲ್ಲ ಎಂದು ತೋರಿಸಬೇಕಲ್ಲ.

ತೀರಿಕೊಂಡವರು ಅಳದಂಗಡಿಯವರು, ಗಲ್ಫ್‌ನಲ್ಲಿ ಬಹುಕಾಲ ದುಡಿದು ಬಂದವರು. ಮನೆಯವರು ಕಳಿಸಿದ ಫೋಟೋದಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದರು. ಮೂಡುಬಿದಿರೆಯ ಯಾವುದೋ ಗೃಹಪ್ರವೇಶದಲ್ಲಿ ಒಂದೇ ಸೋಫಾದ ಮೇಲೆ ಕೂತದ್ದು. ತೀರಿಕೊಂಡದ್ದು ಅಣ್ಣ. ಒಬ್ಬರ ತಲೆ ಪೂರ್ತಿ ಬಿಳಿ, ಇನ್ನೊಬ್ಬರ ಮೀಸೆ ಕೂಡ ಕಪ್ಪು. ನಾನು ಬಿಳಿ ತಲೆಯವರನ್ನು ಉಳಿಸಿ ಉಳಿದದ್ದನ್ನು ಕತ್ತರಿಸಿದೆ. ಅಣ್ಣ ಕೂದಲಿಗೆ ಬಣ್ಣ ಹಚ್ಚುತ್ತಿದ್ದರೆಂದು ನನಗೇನು ಗೊತ್ತು.

ಮರುದಿನ ಬೆಳಗ್ಗೆ ಬಾಸ್ ಕಚೇರಿಗೆ ಫೋನ್ ಮಾಡಿದರು. ನಮ್ಮ ಬೆಳ್ತಂಗಡಿಯ ಮುಖ್ಯಸ್ಥೆ, ನಾವು ಅಕ್ಕ ಎನ್ನುತ್ತಿದ್ದವರು, ಸ್ಪೀಕರ್ ಹಾಕಿದರು.

"ಫೋಟೋ ಕಟ್ ಮಾಡಿದ್ದು ಯಾರು? ನಾಲ್ಕು ಗಂಟೆಯೊಳಗೆ ನನಗೆ ಹೆಸರು ಬೇಕು."

"ಕಳಿಸುವ ಸರ್. ಮೊದಲು ಆ ಮನೆಗೆ ಹೋಗಿ ಬರ್ತೇವೆ."

ಫೋನ್ ಇಟ್ಟ ಕೂಡಲೇ ನಾನು ಆ ಮನೆಯವರ ಮೆಸೇಜಿನ ಸ್ಕ್ರೀನ್‌ಶಾಟ್ ತೋರಿಸಿದೆ. "ನೋಡಿ ಅಕ್ಕ, ಇದರಲ್ಲಿ ಯಾರು ಅಂತ ಅವರು ಬರೆದೇ ಇಲ್ಲ."

"ಹೌದು, ಬರೆದಿಲ್ಲ. ನೀನು ಕೇಳಿದ್ಯಾ?"

"ಇಲ್ಲ."

"ಹಾಗಾದ್ರೆ ಆ ಫೋನನ್ನು ಕಿಸೆಯಲ್ಲಿಡು. ಹೋಗುವ, ಸ್ಕೂಟರ್ ತೆಗಿ."

ತಮ್ಮನಿಗೆ ಅಳದಂಗಡಿಯಲ್ಲಿ ಸಣ್ಣ ಹೋಟೆಲು; ಮನೆ ಅದರ ಹಿಂದೆಯೇ. ಸಾವಿನ ಮನೆಯವರ ಹೋಟೆಲಾದ್ದರಿಂದ ಬಾಗಿಲು ಹಾಕಿತ್ತು. ಆದರೂ ಜಗಲಿಯ ತುಂಬ ಜನ. ಅರ್ಧ ಜನ ಅಣ್ಣನಿಗಾಗಿ ದುಃಖಿಸಲು ಬಂದವರು, ಇನ್ನರ್ಧ ತಮ್ಮ ಇದ್ದಾರೋ ಇಲ್ಲವೋ ನೋಡಲು ಬಂದವರು.

"ಬನ್ನಿ," ಎಂದರು ಆ ಬಿಳಿ ತಲೆಯವರು. "ಪೇಪರಿನವರಲ್ವಾ? ಬೆಳಗ್ಗಿನಿಂದ ನನ್ನನ್ನು ಮುಟ್ಟಿ ನೋಡಿದವರು ಎಷ್ಟು ಮಂದಿ ಅಂತ ಲೆಕ್ಕ ಇಲ್ಲ ಮಾರಾಯ್ರೆ."

ಪಕ್ಕದಲ್ಲಿದ್ದ ಹೆಂಗಸು, "ಬಣ್ಣ ಹಚ್ಚಿಕೊಳ್ಳಿ ಅಂತ ಭಾವ ಎಷ್ಟು ಸಲ ಹೇಳಿದ್ರು. ಕೇಳಿದ್ರಾ ನೀವು?" ಎಂದರು. ಹೆಂಡತಿ ಎಂದು ಆ ದನಿಯಲ್ಲೇ ತಿಳಿಯಿತು.

ಅಷ್ಟರಲ್ಲಿ ತಮ್ಮನ ತೊಡೆಯ ಮೇಲಿದ್ದ ಮೊಬೈಲು ರಿಂಗಾಯಿತು. ಅದು ಅಣ್ಣನ ಮೊಬೈಲು. ಪುಟದ ಚಿತ್ರ ಗಲ್ಫ್‌ಗೂ ತಲುಪಿತ್ತು. ಅಲ್ಲಿನ ಗೆಳೆಯರು ಹೆಸರು ಓದದೆ ಮುಖ ನೋಡಿ, ತಮ್ಮ ಹೋದನೆಂದುಕೊಂಡು ಅಣ್ಣನನ್ನು ಸಮಾಧಾನಪಡಿಸಲು ಫೋನ್ ಮಾಡುತ್ತಿದ್ದರು.

"ಇಲ್ಲ, ನಾನು ತಮ್ಮ ಮಾತಾಡುವುದು," ಎಂದರು ಅವರು. "ಹೋದದ್ದು ಅವನು." ಮೊಬೈಲು ಕೆಳಗಿಟ್ಟು, "ನನ್ನದೇನೂ ಇಲ್ಲ. ಅವನ ಮುಖ ಬರಲಿಲ್ಲ ನೋಡಿ. ಹೋದದ್ದು ಅವನು ಅಂತ ಇದು ಹನ್ನೊಂದನೇ ಸಲ ಹೇಳುವುದು," ಎಂದರು.

ಕಿಸೆಯಲ್ಲಿದ್ದ ನನ್ನ ಫೋನ್ ಭಾರವಾದಂತೆ ಅನಿಸಿತು. ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ತಪ್ಪು ನಮ್ಮ ಕಚೇರಿಯದ್ದು. ನಾಳೆ ಅವರ ಮುಖ ಬರ್ತದೆ," ಎಂದಷ್ಟೇ ಹೇಳಿದರು. ಮುಂದಿನ ಮೂರು ಕರೆಗಳನ್ನು ಅಕ್ಕನೇ ಎತ್ತಿಕೊಂಡು, ತೀರಿಕೊಂಡದ್ದು ಯಾರೆಂದು ತಾಳ್ಮೆಯಿಂದ ವಿವರಿಸಿದರು. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟರು.

ಕಚೇರಿಗೆ ಮರಳಿದಾಗ ಮೂರೂವರೆ. ತಿದ್ದುಪಡಿ ಎಂದರೆ ಮೂಲೆಯಲ್ಲಿ ಎರಡು ಸಾಲು ಎಂಬುದು ಬಾಸ್ ಮಾಡಿದ ನಿಯಮ. ಅಕ್ಕ ಅದನ್ನು ಬದಿಗಿಟ್ಟು ಇಡೀ ಫೋಟೋ ಹಾಕಲು ಹೇಳಿದರು, ಅಣ್ಣ ತಮ್ಮ ಇಬ್ಬರೂ ಇರುವಂತೆ, ಯಾರು ಯಾರೆಂದು ಕೆಳಗೆ ಬರೆದು. ಬಾಸ್‌ಗೆ ಕಳಿಸುವ ವಿವರಣೆಯನ್ನೂ ಅವರೇ ಟೈಪ್ ಮಾಡಿದರು. ಪುಟವನ್ನು ತಾನು ನೋಡಿಯೇ ಅಚ್ಚಿಗೆ ಬಿಟ್ಟದ್ದು ಎಂದಿತ್ತು ಅದರಲ್ಲಿ. ಫೋಟೋ ಕತ್ತರಿಸಿದವರ ಹೆಸರಿನ ಜಾಗ ಖಾಲಿ ಇತ್ತು.

"ಓದಿ ಕಳಿಸು, ನಾನು ಚಾ ಕುಡಿದು ಬರ್ತೇನೆ," ಎಂದು ಕೆಳಗಿಳಿದರು.

ಖಾಲಿ ಬಿಟ್ಟೇ ಕಳಿಸಬಹುದಿತ್ತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ನನ್ನ ಹೆಸರು ಬರೆದು ಕಳಿಸಿದೆ. ಸ್ಕ್ರೀನ್‌ಶಾಟ್ ಲಗತ್ತಿಸಲಿಲ್ಲ.

ಬಾಸ್ ಕೊಟ್ಟ ಉತ್ತರ ಒಂದೇ ಪದ: "ನೋಟೆಡ್." ಕಾಯಂ ಪತ್ರ ಆರು ತಿಂಗಳು ತಡವಾಗಿ ಬಂತು. ಅದನ್ನು ತರಿಸಲು ಅಕ್ಕ ಎಷ್ಟು ಸಲ ಮುಖ್ಯ ಕಚೇರಿಗೆ ಹೋದರೆಂದು ಅವರು ಹೇಳಿಲ್ಲ. ಬಸ್ಸಿನಲ್ಲಿ ಜೊತೆಗಿದ್ದವರು ಹೇಳಿದ್ದು.

ಈಗಲೂ ಅಳದಂಗಡಿಗೆ ಹೋದರೆ ಆ ಹೋಟೆಲಿಗೆ ಹೋಗುತ್ತೇನೆ. ಆ ಬಿಳಿ ತಲೆಯವರು ಇನ್ನೂ ಕೂದಲಿಗೆ ಬಣ್ಣ ಹಚ್ಚಿಲ್ಲ. ಗಿರಾಕಿಗಳಿಗೆಲ್ಲ ಕೇಳುವಂತೆ ಒಳಗೆ ಕೂಗಿ ಹೇಳುತ್ತಾರೆ: "ನನ್ನನ್ನು ಕೊಂದವರು ಬಂದಿದ್ದಾರೆ, ಒಂದು ಚಾ ಕೊಡಿ."