ಕೊನೆಗೆ ಉಳಿಸಿಕೊಂಡ ಕಾಯಿ

ಚಳ್ಳಕೆರೆಯ ಸುವಾರ್ತಮ್ಮನವರು ಕಂಡವರ ಮಕ್ಕಳನ್ನು ಕೂರಿಸಿಕೊಂಡು ಧರ್ಮಬೋಧನೆ ಮಾಡುತ್ತಿದ್ದರು ಎಂದು ಹೇಳುವವರು ಯಾರೂ ಆ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಬೋಧನೆಗೆ ಮಾತು ಬೇಕು. ಅಲ್ಲಿ ಮಾತೇ ಇರಲಿಲ್ಲ. ಪಾವಗಡ ರಸ್ತೆಯ ಕಡೆಗೆ ತಗಡಿನ ಚಾವಣಿಯ ಒಂದು ಸಣ್ಣ ಪ್ರಾರ್ಥನಾ ಮಂದಿರವಿದೆ. ಅದರ ಹಿಂದೆ ಚಾಪೆ, ಮುರುಕು ಕುರ್ಚಿ, ಕೆಟ್ಟುಹೋದ ಹಾರ್ಮೋನಿಯಂ ಇರಿಸುವ ಕೋಣೆ. ಭಾನುವಾರದ ಆರಾಧನೆ ಮುಗಿದ ಮೇಲೆ ಏಳೆಂಟು ಮಕ್ಕಳು ಆ ಕೋಣೆಯಲ್ಲಿ ಒಂದು ಮೊರದ ಸುತ್ತ ಕುಳಿತು ಶೇಂಗಾ ಸುಲಿಯುತ್ತಿದ್ದರು. ಹೊರಗೆ ನಿಂತವರಿಗೆ ಸಿಪ್ಪೆ ಒಡೆಯುವ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಹಬ್ಬಿದ ಮಾತು ಏನೇ ಇರಲಿ, ನಡೆದದ್ದು ಇಷ್ಟು.

ಸುವಾರ್ತಮ್ಮನವರು ಹುಟ್ಟಿದ್ದು ಗಡಿಯಾಚೆ, ರಾಯದುರ್ಗದ ಕಡೆಯ ಹಳ್ಳಿಯಲ್ಲಿ. ತವರಿನ ಮಾತು ತೆಲುಗು. ಎರಡು ತಲೆಮಾರಿನ ಹಿಂದೆಯೇ ಕ್ರೈಸ್ತರಾದ ಕೂಲಿಯವರ ಮನೆ. ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಹೆಂಡತಿ ಅದೇ ಮಿಲ್ಲಿನ ಗೋದಾಮಿನಲ್ಲಿ ಬೀಜ ಆರಿಸುತ್ತಿದ್ದರು. ಮಿಲ್ಲು ಬಾಗಿಲು ಹಾಕಿತು, ಗಂಡ ತೀರಿಕೊಂಡ, ಆದರೆ ಅವರ ಕೈಗೆ ಕೆಲಸ ತಪ್ಪಲಿಲ್ಲ. ಈ ಸೀಮೆಯಲ್ಲಿ ಬಿತ್ತನೆಯ ಶೇಂಗಾವನ್ನು ಯಂತ್ರಕ್ಕೆ ಕೊಡುವುದಿಲ್ಲ. ಯಂತ್ರದಲ್ಲಿ ಬೀಜದ ಮೇಲಿನ ಕೆಂಪು ಪೊರೆ ಹರಿಯುತ್ತದೆ. ಪೊರೆ ಹರಿದ ಬೀಜ ಮೊಳೆಯುವ ಭರವಸೆ ಇಲ್ಲ. ಆದ್ದರಿಂದ ಮುಂಗಾರಿಗೆ ಮುಂಚೆ ಹೆಂಗಸರು ಗುಂಪಾಗಿ ಕುಳಿತು ಕೈಯಲ್ಲೇ ಸುಲಿಯುತ್ತಾರೆ. ಸುವಾರ್ತಮ್ಮನವರ ಕೈಯಲ್ಲಿ ಬೀಜ ಒಡೆಯುವುದಿಲ್ಲ ಎಂಬ ಹೆಸರಿತ್ತು.

ಸಭೆಯ ಹಿಂದಿನ ಪಾದ್ರಿಗಳು ಮಕ್ಕಳನ್ನು ಅವರಿಗೆ ಒಪ್ಪಿಸಿದ್ದು ಪಾಠ ಹೇಳಲೆಂದಲ್ಲ, ಗಲಾಟೆ ಮಾಡದಂತೆ ನೋಡಿಕೊಳ್ಳಲೆಂದು. ಮೊದಮೊದಲು ಎಲ್ಲರೂ ಹೇಳುವಂತೆ ಅವರೂ ಹೇಳಿದರು: ಕೈ ಮುಗಿಯಿರಿ, ಕಣ್ಣು ಮುಚ್ಚಿರಿ. ಒಂದು ಮಗು ರೆಪ್ಪೆಯ ಸಂದಿನಿಂದ ಇಣುಕಿತು, ಇನ್ನೊಂದು ಪಕ್ಕದವನ ತೊಡೆ ಚಿವುಟಿತು, ಮತ್ತೊಂದು ನಿದ್ದೆಹೋಯಿತು. ಖಾಲಿ ಕೈಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂಬುದು ಅವರ ಅನುಭವ. ತಾವು ಸ್ವತಃ ಪ್ರಾರ್ಥಿಸಿದ್ದೆಲ್ಲ ಗೋದಾಮಿನ ಬೀಜದ ರಾಶಿಯ ಮುಂದೆಯೇ ಹೊರತು ಮೊಣಕಾಲೂರಿ ಅಲ್ಲ. ಮುಂದಿನ ಭಾನುವಾರ ಮೊರ ಬಂತು.

“ಒಂದು ಕಾಯಿ, ಒಬ್ರ ಹೆಸರು,” ಎಂದರು. “ಕಾಯಿ ಒತ್ತೋವಾಗ ಉಸಿರು ಒಳಕ್ಕೆ ಎಳ್ಕೊಂಡು ಮನಸ್ನಾಗೆ ‘ಕರ್ತನೇ’ ಅನ್ನಿ. ಬೀಜ ಬೀಳೋವಾಗ ಉಸಿರು ಬಿಡ್ತಾ ‘ಇಲ್ಲಿದೀನಿ’ ಅನ್ನಿ. ಅಷ್ಟೇ. ಅದು ಕೊಡು ಇದು ಕೊಡು ಅಂತ ಕೇಳಂಗಿಲ್ಲ.”

“ಕೇಳ್ದೆ ಇದ್ರೆ ಆತಂಗೆ ಹೆಂಗೆ ಗೊತ್ತಾಗ್ತೈತೆ?” ಎಂದು ಒಬ್ಬ ಕೇಳಿದ.

“ನೀನು ಹಸ್ಕೊಂಡು ಮನೆಗೆ ಬಂದ್ರೆ ನಿಮ್ಮವ್ವಂಗೆ ಮುಖ ನೋಡಿದ್ರೇ ಗೊತ್ತಾಗಲ್ವಾ? ಸುಮ್ನೆ ಎದುರಿಗೆ ಕೂತ್ಕೋ.”

“ನಮ್ಮ ಕೋಳಿ ಕಳ್ದೋಗೈತೆ. ಅದ್ರ ಹೆಸರು ಅನ್ಬೋದಾ?”

“ಅನ್ನು. ನಿಮ್ಮಪ್ಪ ಸಾರು ಮಾಡ್ಕೊಂಡು ತಿಂದಿಲ್ಲ ಅಂದ್ರೆ ಸಿಗ್ತೈತೆ.”

ಮಕ್ಕಳು ನಕ್ಕರು, ನಗು ಅಡಗಿದ ಮೇಲೆ ಕೋಣೆ ತಾನಾಗಿಯೇ ಮೌನವಾಯಿತು. ಮೊರ ಬರಿದಾದಾಗ ಅವರು ಒಂದೇ ಮಾತು ಹೇಳುತ್ತಿದ್ದರು: “ಇವರೆಲ್ಲ ನಿನ್ನ ಕೈಯಾಗವ್ರೆ.” ಬಳಿಕ ಬೀಜ ಹುರಿದು, ಬೆಲ್ಲದೊಂದಿಗೆ ಹಂಚುತ್ತಿದ್ದರು. ಅವರು ನಡೆಸಿದರೆನ್ನಲಾದ ಸಂಚಿನ ಪೂರ್ಣ ವಿವರ ಇದು.

ಆ ಮಕ್ಕಳ ನಡುವೆ ರಶ್ಮಿತಾ ಕುಳಿತದ್ದು ಸುವಾರ್ತಮ್ಮನವರ ಮೊಮ್ಮಗಳಾಗಿ. ಅವರ ಒಬ್ಬಳೇ ಮಗಳು ಶಾಂತಕುಮಾರಿ, ಬಿ.ಜಿ. ಕೆರೆಯ ಅಂಜಿನೇಯನನ್ನು ಮೆಚ್ಚಿ ಮದುವೆಯಾಗಿದ್ದಳು. ಅಂಜಿನೇಯನದು ಹಿಂದೂ ಬೇಸಾಯಗಾರರ ಮನೆ. ಅವನು ಕುದಾಪುರದ ಒಂದು ಸಂಸ್ಥೆಯ ಆವರಣದಲ್ಲಿ ಗುತ್ತಿಗೆಯ ಕಾವಲುಗಾರ. ಮದುವೆಯಾದ ಹೊಸದರಲ್ಲಿ ಅವನ ಕಡೆಯವರು ಬಹುಕಾಲ ಮಾತು ಬಿಟ್ಟಿದ್ದರು. ಮಗು ಹುಟ್ಟಿದ ಮೇಲೆ ಬಂದುಹೋಗತೊಡಗಿದರು. ಅಷ್ಟರಲ್ಲಿ ಡೆಂಗ್ಯೂ ಜ್ವರ ಬಂದು ಶಾಂತಕುಮಾರಿ ತೀರಿಕೊಂಡಳು. ಅಂಜಿನೇಯನ ತಾಯಿ ಕರಿಯಕ್ಕ ಮೊಮ್ಮಗಳನ್ನು ಸಾಕಿದಳು. ಹೆಂಡತಿಯ ಮೇಲಿನ ಪ್ರೀತಿಯಿಂದಲೋ, ಅತ್ತೆ ಒಂಟಿಯಾದರೆಂಬ ಕನಿಕರದಿಂದಲೋ, ಅಂಜಿನೇಯ ಪ್ರತಿ ಭಾನುವಾರ ಮಗಳನ್ನು ಬೈಕಿನಲ್ಲಿ ಕರೆತಂದು ಬಿಟ್ಟು, ಸಂಜೆ ಬಂದು ಕರೆದೊಯ್ಯುತ್ತಿದ್ದ. ಸುವಾರ್ತಮ್ಮನವರ ವಾರವೆಲ್ಲ ಆ ಬೈಕಿನ ಸದ್ದಿಗೆ ಕಾಯುವುದರಲ್ಲಿ ಕಳೆಯುತ್ತಿತ್ತು.

ಮೊದಲ ದಿನ ರಶ್ಮಿತಾ ಮೊರದ ಮುಂದೆ ಕುಳಿತು ಕೇಳಿದ್ದಳು: “ಅಮ್ಮಮ್ಮ, ಸತ್ತೋಗಿರೋರ ಹೆಸರು ಅನ್ಬೋದಾ?”

ಸುವಾರ್ತಮ್ಮನವರು ಅವಳ ಮುಂದೆ ಒಂದು ಕಾಯಿ ಇಟ್ಟರು. “ಅನ್ನು. ಕಾಯಿ ಗಟ್ಟಿ ಇದ್ರೆ ನಿಧಾನಕ್ಕೆ ಒತ್ತು.”

ಅಂದಿನಿಂದ ಆ ಹುಡುಗಿಗೊಂದು ರೂಢಿ ಬಿತ್ತು. ರಾಶಿಯಲ್ಲಿ ಹುಡುಕಿ ಮೂರು ಬೀಜದ ಒಂದು ಉದ್ದ ಕಾಯಿ ಆರಿಸಿ ಮಂಡಿಯ ಕೆಳಗಿಟ್ಟುಕೊಳ್ಳುವಳು. ಅದು ಅವ್ವನ ಕಾಯಿ. ಎಲ್ಲರ ಹೆಸರೂ ಮುಗಿದ ಮೇಲೆ ಅದನ್ನು ಕೈಗೆತ್ತಿಕೊಳ್ಳುವಳು, ಕೂಡಲೇ ಒಡೆಯುತ್ತಿರಲಿಲ್ಲ. ಕಣ್ಣು ಮುಚ್ಚೆಂದು ಯಾರೂ ಹೇಳದಿದ್ದರೂ ಆಗ ಅವಳ ಕಣ್ಣು ಮುಚ್ಚಿರುತ್ತಿತ್ತು. ತಾಯಿ ಸತ್ತಾಗ ಅಳದ ಮಗು, ಯಾರು ಕೇಳಿದರೂ ತಾಯಿಯ ಸುದ್ದಿ ಎತ್ತದ ಮಗು, ಅಷ್ಟು ಹೊತ್ತು ತಾಯಿಯ ಬಳಿ ಇದ್ದು ಬರುತ್ತಿತ್ತು. ಅದನ್ನು ಅರಿತಿದ್ದವರು ಸುವಾರ್ತಮ್ಮನವರೊಬ್ಬರೇ.

ಹಳೆಯ ಪಾದ್ರಿಗಳು ವರ್ಗವಾಗಿ ಜಯಶೀಲ ಎಂಬ ತರುಣ ಪಾಸ್ಟರ್ ಬಂದರು. ಕೆಟ್ಟವರಲ್ಲ, ಸೋರುವ ತಗಡು ಬದಲಿಸುವ ಚಿಂತೆ ಅವರದು. ಒಂದು ಭಾನುವಾರ ಕಿಟಕಿಯಿಂದ ಫೋನು ಹಿಡಿದು, ಕಣ್ಣು ಮುಚ್ಚಿ ಕುಳಿತ ರಶ್ಮಿತಾಳ ಚಿತ್ರ ತೆಗೆದರು. ಅದನ್ನು ದೂರದ ಸಹಾಯಕ ಸಂಸ್ಥೆಯೊಂದಕ್ಕೆ ಕಳುಹಿಸಿ, ಕೆಳಗೆ “ಈ ವರ್ಷ ಬೆಳಕಿಗೆ ಬಂದ ನಮ್ಮ ಮಕ್ಕಳು” ಎಂದು, ಹೊಸದಾಗಿ ಕ್ರೈಸ್ತರಾದವರೆಂಬ ಅರ್ಥ ಬರುವಂತೆ, ಬರೆದರು. ಚಿತ್ರ ಯಾವ ದಾರಿ ಹಿಡಿದು ಊರೂರಿನ ಫೋನುಗಳಿಗೆ ಬಂತೆಂದು ಖಚಿತವಾಗಿ ಹೇಳಲು ಆಧಾರವಿಲ್ಲ. ಬಂದದ್ದಂತೂ ನಿಜ. ಒಬ್ಬರು ಇಲ್ಲದ್ದನ್ನು ಬರೆದರು. ಇನ್ನೊಬ್ಬರು ವಿಚಾರಿಸದೆ ಅದಕ್ಕೆ ಇನ್ನಷ್ಟು ಸೇರಿಸಿ ಹಂಚಿದರು. ಇಬ್ಬರಿಗೂ ಬೇಕಾಗಿದ್ದದ್ದು ಮಗುವಿನ ಮುಖ ಮಾತ್ರ. ಆ ಮಗು ಯಾರನ್ನು ನೆನೆಯುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ.

ಅಂಜಿನೇಯ ಕಾವಲಿನ ಸಮವಸ್ತ್ರದಲ್ಲೇ ಅತ್ತೆಯ ಬಾಗಿಲಿಗೆ ಬಂದು ನಿಂತ. ಕೂರು ಎಂದರೂ ಕೂರಲಿಲ್ಲ. ಫೋನು ಮುಂದೆ ಚಾಚಿದ.

“ಇದು ನಮ್ ರಶ್ಮಿತಾ ಅಲ್ವೇನತ್ತೆ?”

“ಹೌದಪ್ಪ.”

“ಕೆಳಗೆ ಬರ್ದಿರೋದು ಓದ್ರಿ.”

ಸುವಾರ್ತಮ್ಮನವರು ಅಕ್ಷರ ಕೂಡಿಸಿಕೊಂಡು ಓದಿದರು. ಎರಡನೆಯ ಸಲ ಓದಿದರು.

“ಗೇಟಿನಾಗೆ ನನ್ ಜತೆ ಕಾವಲಿರೋ ತೋಟಪ್ಪ ಕೇಳ್ತಾನೆ, ‘ಏನ್ಲೇ ಅಂಜಿನಿ, ಮಗಳಿಗೆ ಹೊಸ ಹೆಸರು ಇಟ್ರಂತೆ, ನಮಗೆ ಬಿರಿಯಾನಿ ಇಲ್ವೇನ್ಲೇ’ ಅಂತ. ಎಲ್ರೂ ನಗ್ತಾರೆ. ಶಾಂತಾನ ಕೈ ಹಿಡಿದಾಗ ನಮ್ಮೋರ ಹತ್ರ ಏನೇನು ಅನ್ನಿಸ್ಕೊಂಡೆ ಅಂತ ನಿಮಗೆ ಗೊತ್ತೈತೆ. ಮತ್ತೆ ಅದೇ ಶುರು ಆಯ್ತು. ಅಲ್ಲಿ ಏನ್ ನಡೀತಿತ್ತು ಹೇಳ್ರಿ.”

“ಶೇಂಗಾ ಸುಲೀತಿದ್ಲಪ್ಪ.”

ಅವನ ಮುಖ ಸಡಿಲವಾಯಿತು. “ಅದನ್ನೇ ನಾನೂ ಅಂದೆ. ಶೇಂಗಾ ಸುಲಿಯಕ್ಕೆ ಕೂತಿದ್ದಾಳೆ, ಬೇರೇನಿಲ್ಲ ಅಂತ.”

ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ಮುಂದಿನ ಭಾನುವಾರ ಬೈಕಿನ ಸದ್ದು ಕೇಳುತ್ತಿತ್ತು. ಅಳಿಯ ನಂಬಲು ಸಿದ್ಧನಾಗಿಯೇ ಬಂದಿದ್ದ. ಆದರೆ ಅರ್ಧ ಸತ್ಯವನ್ನು ಪೂರ್ತಿ ಎಂದು ದಾಟಿಸುವುದು ಆ ಹೆಂಗಸಿಗೆ ಬರುತ್ತಿರಲಿಲ್ಲ.

“ಸುಲೀತಾ ಪ್ರಾರ್ಥನೇನೂ ಮಾಡ್ತಿದ್ಲು,” ಎಂದರು. “ಅವ್ವನ್ನ ನೆನೀತಿದ್ಲು. ನಾನೇ ಹೇಳ್ಕೊಟ್ಟೆ. ಅದನ್ನ ಮುಚ್ಚಿಟ್ರೆ ತಪ್ಪಾಗ್ತೈತೆ.”

“ಹಂಗಾದ್ರೆ ಇದು ನಿಜಾನೇ?”

“ಫೋಟೋ ನಿಜ. ಬರ್ದಿರೋದು ಸುಳ್ಳು. ನಿನ್ನ ಮಗಳು ನಿನ್ನ ಮಗಳೇ.”

ಅಂಜಿನೇಯ ಫೋನನ್ನು ಜೇಬಿಗಿಟ್ಟ. “ಊರಿನೋರಿಗೆ ಅಷ್ಟು ಬಿಡಿಸಿ ಹೇಳೋ ತಾಕತ್ತು ನನಗಿಲ್ಲ ಅತ್ತೆ. ಇನ್ಮೇಲೆ ಕಳ್ಸಲ್ಲ.”

ಸುವಾರ್ತಮ್ಮನವರು ನೇರವಾಗಿ ಪಾಸ್ಟರ್ ಬಳಿಗೆ ಹೋದರು. ಬರೆದದ್ದನ್ನು ತಿದ್ದಬೇಕೆಂದು ಕೇಳಿದರು.

“ಅದೊಂದು ಬರೆಯೋ ರೀತಿ ಅಮ್ಮಾ,” ಎಂದರು ಜಯಶೀಲ, ಸಮಾಧಾನದಿಂದಲೇ. “ತಪ್ಪು ಅರ್ಥ ಮಾಡ್ಕೊಂಡೋರು ಅವರು.”

“ಆ ಕೂಸು ಹಿಂದೂಗಳ ಮನೇದು, ಅಜ್ಜಿ ಜತೆ ಶೇಂಗಾ ಸುಲಿಯಕ್ಕೆ ಬರ್ತಿತ್ತು ಅಂತ ಬರೀರಿ ಅಯ್ಯನವ್ರೇ. ಇದ್ದಿದ್ದು ಇದ್ದಂಗೆ.”

“ಶೇಂಗಾ ಸುಲಿಯೋ ಮಕ್ಕಳ ಫೋಟೋ ಯಾರಿಗೆ ಬೇಕಮ್ಮಾ?”

ಅವರು ತಿದ್ದಲಿಲ್ಲ. ಇನ್ನಷ್ಟು ಗಲಭೆಯಾದೀತೆಂದು ಹೆದರಿ ಹಿಂದಿನ ಕೋಣೆಗೆ ಬೀಗ ಹಾಕಿದರು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೀಬೋರ್ಡು, ಮೈಕು, ಅಭಿನಯಗೀತೆ ಶುರುವಾಯಿತು. ಸುವಾರ್ತಮ್ಮನವರು ಕೊನೆಯ ಚಾಪೆಯಲ್ಲಿ ಕುಳಿತು, ಆ ಸದ್ದಿನಲ್ಲಿ ಮೊಮ್ಮಗಳ ಹೆಸರನ್ನು ಮನಸ್ಸಿನಲ್ಲಿ ಅನ್ನಲು ಹೋಗಿ, ಪ್ರತಿಸಲವೂ ಅರ್ಧಕ್ಕೆ ಕಳೆದುಕೊಳ್ಳುತ್ತಿದ್ದರು.

ಬೇಸಿಗೆ ಕಳೆಯಿತು. ಮುಂಗಾರಿನ ಮೊದಲ ಹದ ಮಳೆ ಬಿದ್ದಾಗ ಕರಿಯಕ್ಕನ ಫೋನು ಬಂತು.

“ಬೀಗ್ತಿ, ಬಿತ್ತನೆ ಕಾಯಿ ಹಂಗೇ ಬಿದ್ದೈತೆ. ಇಲ್ಲಿನ ಹುಡುಗೀರು ಸುಲಿದ್ರೆ ಬೀಜ ಎಲ್ಲ ಹೋಳು. ನೀನು ಬರ್ಬೇಕು.”

“ನಿಮ್ಮ ಮಗ ಏನಂತಾನೋ ಕರಿಯಕ್ಕಾರೆ.”

“ಅವನ ಮಾತು ಅವನ ಹತ್ರಾನೇ ಕೇಳು, ತಗಾ.”

ಅಂಜಿನೇಯ ಫೋನು ತೆಗೆದುಕೊಂಡು, “ಬರ್ರಿ ಅತ್ತೆ,” ಎಂದ. “ಅವಳೂ ನಿಮ್ಮನ್ನ ಕೇಳ್ತಿರ್ತಾಳೆ. ಆದ್ರೆ ನಮ್ಮನೇಯಾಗೆ ಪ್ರಾರ್ಥನೆ ಬೇಡ. ಮಗು ಹತ್ರ ಅಂತೂ ಬೇಡ್ವೇ ಬೇಡ. ಮಾತು ಕೊಡ್ರಿ.”

“ಕೊಟ್ಟೆನಪ್ಪ,” ಎಂದರು ಸುವಾರ್ತಮ್ಮನವರು.

ಬಿ.ಜಿ. ಕೆರೆಯಲ್ಲಿ ಬಸ್ಸಿಳಿದಾಗ ರಶ್ಮಿತಾ ನಿಲ್ದಾಣಕ್ಕೇ ಓಡಿಬಂದಿದ್ದಳು. ಎತ್ತರವಾಗಿದ್ದಳು; ತಾಯಿಯ ಹಣೆ ಇನ್ನೂ ಸ್ಪಷ್ಟವಾಗಿತ್ತು. ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಗೋಣಿಚೀಲ ಹಾಸಿ ಕಾಯಿಯ ರಾಶಿ ಸುರಿದಿದ್ದರು. ಕರಿಯಕ್ಕ ಒಂದು ಕಡೆ, ಸುವಾರ್ತಮ್ಮನವರು ಒಂದು ಕಡೆ. ರಶ್ಮಿತಾ ಅಮ್ಮಮ್ಮನ ತೊಡೆಗೆ ತೊಡೆ ತಾಗಿಸಿ ಕುಳಿತಳು. ಅಂಜಿನೇಯ ರಾತ್ರಿ ಪಾಳಿ ಮುಗಿಸಿ ಬಂದವನು ಜಗುಲಿಯ ಮಂಚದ ಮೇಲೆ ಒರಗಿ ಫೋನು ನೋಡುತ್ತಿದ್ದ.

ಯಾರೂ ಏನೂ ಹೇಳದೆ ಕೆಲಸ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಸುವಾರ್ತಮ್ಮನವರು ಮೊಮ್ಮಗಳ ಕೈ ನೋಡಿದರು. ಅವಳು ರಾಶಿಯಿಂದ ಮೂರು ಬೀಜದ ಉದ್ದ ಕಾಯಿಯೊಂದನ್ನು ಆರಿಸಿ ಮಂಡಿಯ ಕೆಳಗೆ ಸರಿಸಿದ್ದಳು. ಒತ್ತುವಾಗ ಉಸಿರು ಒಳಕ್ಕೆ, ಬೀಜ ಬೀಳುವಾಗ ಹೊರಕ್ಕೆ. ತುಟಿ ಅಲುಗುತ್ತಿರಲಿಲ್ಲ. ಅಷ್ಟು ತಿಂಗಳ ನಂತರವೂ ಒಂದೂ ತಪ್ಪಿರಲಿಲ್ಲ.

ಅಜ್ಜಿಯ ಎದೆ ಒಮ್ಮೆ ತುಂಬಿಬಂತು. ಕರಿಯಕ್ಕನಿಗೆ ಇದು ತಿಳಿಯದು. ಸುಲಿಯುತ್ತ ಪ್ರಾರ್ಥಿಸುತ್ತಿದ್ದಳೆಂದು ಕೇಳಿದ್ದರೂ ಅಂಜಿನೇಯನಿಗೂ ತಿಳಿಯದು; ಅವನ ಲೆಕ್ಕದಲ್ಲಿ ಪ್ರಾರ್ಥನೆಯೆಂದರೆ ಮುಗಿದ ಕೈ, ಮುಚ್ಚಿದ ಕಣ್ಣು. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಆದರೆ ಈ ಮೌನವೇ ಪ್ರಾರ್ಥನೆ ಎಂದು ಹೇಳಿಕೊಟ್ಟವರು ತಾವೇ. ಅದರೊಳಗೆ ಮೊಮ್ಮಗಳ ಜೊತೆ ಕುಳಿತರೆ ಕೊಟ್ಟ ಮಾತು ಮುರಿದಂತೆ. ಅದು ಬೇರೆ ಯಾರಿಗೂ ಗೊತ್ತಾಗದಿದ್ದರೂ ತಮಗೆ ಗೊತ್ತು, ಮೇಲಿನವನಿಗೆ ಗೊತ್ತು. ಮಾತು ಮುರಿದರೆ, ಇನ್ನೊಮ್ಮೆ ಈ ಮಗುವಿನ ಪಕ್ಕ ಯಾವ ಮುಖದಿಂದ ಕೂರುವುದು?

ಸುವಾರ್ತಮ್ಮನವರು ಮಾತಾಡತೊಡಗಿದರು.

ಬಸ್ಸಿನ ಕಂಡಕ್ಟರು ಚಿಲ್ಲರೆಗಾಗಿ ಜಗಳವಾಡಿದ್ದು, ಹಳೆ ಮಿಲ್ಲಿನ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದದ್ದು, ಪಕ್ಕದ ಮನೆಯ ಚಿನ್ನಕ್ಕನ ಮೇಕೆ ಎರಡು ಮರಿ ಹಾಕಿದ್ದು. ಒಂದು ಮುಗಿಯುವ ಮುಂಚೆ ಇನ್ನೊಂದು. ನಡುವೆ ಉಸಿರಿಗೂ ಜಾಗವಿಲ್ಲದಂತೆ, ಕನ್ನಡ ಸಾಲದ ಕಡೆ ತೆಲುಗು ಸೇರಿಸಿ.

“ಏನ್ ಬೀಗ್ತಿ,” ಎಂದು ಕರಿಯಕ್ಕ ನಕ್ಕಳು, “ನೀನು ಬಾಯೇ ಬಿಡಲ್ಲ ಅಂದ್ಕೊಂಡಿದ್ದೆ. ಶೇಂಗಾ ಮಿಷನ್ನು ಇದ್ದಂಗೆ ಆಡ್ತೀಯಲ್ಲ.”

ರಶ್ಮಿತಾಳ ಕೈ ತಡವರಿಸಿತು. ಒಂದು ಬೀಜ ಹೋಳಾಯಿತು. ಅಜ್ಜಿಯ ಮುಖ ನೋಡಿ ಮೆಲ್ಲಗೆ ಹೇಳಿದಳು: “ಅಮ್ಮಮ್ಮ, ಸ್ವಲ್ಪ ಸುಮ್ನಿರು.”

“ಸುಮ್ನಿರದು ಹೆಂಗಮ್ಮ, ಆ ಮೇಕೆ ಮರಿ ಒಂದು ಪೂರಾ ಕರಿ, ಇನ್ನೊಂದಕ್ಕೆ ಕಿವಿ ಮಾತ್ರ ಬಿಳಿ—”

“ಅಮ್ಮಮ್ಮ. ಅವ್ವಂದು ಇನ್ನೂ ಆಗಿಲ್ಲ.”

ಸುವಾರ್ತಮ್ಮನವರಿಗೆ ಕೇಳಿಸಿತು. ಅವರ ಕೈಯಲ್ಲಿದ್ದ ಕಾಯಿಯ ತುದಿ ಒಡೆದು ಹಾಗೇ ನಿಂತಿತು. ಮತ್ತೆ ಒತ್ತಿದರು. “ಚಿನ್ನಕ್ಕ ಅಂತಾಳೆ, ಬಿಳಿ ಕಿವಿದು ಮಾರಲ್ಲ ಅಂತ. ಅವಳ ಸೊಸೆ ಬಿಡ್ತಾಳಾ? ಅವಳು ಎಂಥೋಳು ಅಂತೀಯಾ...”

ರಶ್ಮಿತಾ ಮಂಡಿಯ ಕೆಳಗಿನ ಉದ್ದ ಕಾಯಿಯನ್ನು ತೆಗೆದುಕೊಂಡಳು. ಒಡೆಯಲಿಲ್ಲ, ರಾಶಿಗೂ ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದು ಎದ್ದು, ತಿರುಗಿ ನೋಡದೆ ಒಳಗೆ ಹೋದಳು. ಹಿತ್ತಲ ಬಾಗಿಲು ತೆರೆದ ಸದ್ದಾಯಿತು.

ಜಗುಲಿಯ ಮೇಲೆ ಅಂಜಿನೇಯ ತಲೆಯೆತ್ತಲಿಲ್ಲ. ತನಗೆ ಕೊಟ್ಟ ಮಾತು ತನ್ನ ಕಣ್ಣೆದುರೇ ಪಾಲನೆಯಾಗುತ್ತಿದೆ ಎಂಬುದು ಅವನ ಅರಿವಿಗೆ ಬರಲಿಲ್ಲ, ಆಮೇಲೂ ಬಂದಿಲ್ಲ. ಬೇವಿನ ನೆರಳು ಗೋಣಿಯ ಅಂಚಿನಿಂದ ಸರಿಯುತ್ತಿತ್ತು. ಸುವಾರ್ತಮ್ಮನವರು ಚಿನ್ನಕ್ಕನ ಸೊಸೆಯ ಕಥೆಯನ್ನು ಖಾಲಿ ಜಾಗದ ಕಡೆಗೆ ಹೇಳುತ್ತಲೇ ಇದ್ದರು. ಮೊರಕ್ಕೆ ಬೀಳುತ್ತಿದ್ದ ಬೀಜಗಳಲ್ಲಿ ಒಂದರ ಪೊರೆಯೂ ಹರಿದಿರಲಿಲ್ಲ.